ಯಂತ್ರಕ್ಕೆ ಹೋಗದ ಎರಡು ಇಲಿಗಳು

ಬಸಲಿಂಗಮ್ಮ ಜಂಗಮವಾಡಿ ಮಠದ ಕೋಣೆಯಲ್ಲಿ ಲಿಂಗಪೂಜೆ ಮುಗಿಸಿ, ಸೈಕಲ್ ರಿಕ್ಷಾ ಹತ್ತಿ ಪ್ರಯೋಗಾಲಯಕ್ಕೆ ಹೋಗಿ ಇಲಿಗಳ ಕಾಲು ಮುರಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲಿ ಸಿಕ್ಕ ನೌಕರಿ ಅದು. ಅರಿವಳಿಕೆಯಲ್ಲಿ ಮಲಗಿದ ಇಲಿಯ ತೊಡೆಯ ಮೇಲೆ ಕಬ್ಬಿಣದ ತೂಕ ಬಿಟ್ಟರೆ ಎಲುಬು ಲಟ್ಟನೆ ಮುರಿಯುತ್ತಿತ್ತು. ಮುರಿದದ್ದು ಕೂಡಲಿ ಎಂಬುದಷ್ಟೇ ಆಕೆಯ ಹಾರೈಕೆ.

ಎಲುಬು ಕೂಡಿಸುವ ಔಷಧವೊಂದನ್ನು ಅಲ್ಲಿ ಮೈಸೂರಿನಿಂದ ಬಂದ ಡಾಕ್ಟರ್ ಗ್ರೀಷ್ಮಾ ಪರೀಕ್ಷಿಸುತ್ತಿದ್ದಳು. ವಾರಕ್ಕೆರಡು ಸಲ ಇಲಿಗಳನ್ನು ಪುಟ್ಟ ಸಿ.ಟಿ. ಯಂತ್ರದ ಕೊಳವೆಯಲ್ಲಿ ಮಲಗಿಸಬೇಕು. ಹತ್ತು ನಿಮಿಷದ ಚಿತ್ರ ಮಸುಕು. ನಲವತ್ತು ನಿಮಿಷದ್ದು ಸ್ಪಷ್ಟ, ಆದರೆ ಮೈಗೆ ತಾಗುವ ಕಿರಣ ನಾಲ್ಕು ಪಟ್ಟು. ಗ್ರೀಷ್ಮಾ ನಲವತ್ತನ್ನೇ ಹಿಡಿದಳು. ಎರಡು ಇಲಿಗಳನ್ನಾದರೂ ಯಂತ್ರಕ್ಕೆ ಹಾಕದೆ ಬಿಡೋಣವೆಂದು ಬಸಲಿಂಗಮ್ಮ ಕೇಳಿಕೊಂಡಾಗ ಅವಳು ನಕ್ಕಳು.

"ಯಾಕೆ, ಅವಕ್ಕೆ ದೀಕ್ಷೆ ಕೊಡಿಸ್ತೀರಾ? ಬಿಡಿ, ಎರಡು ತಾನೆ."

ನಾಲ್ಕನೆಯ ವಾರದ ಚಿತ್ರಗಳಲ್ಲೂ ಒಂದು ಎಲುಬೂ ಕೂಡಿರಲಿಲ್ಲ. ಔಷಧವೇ ವಿಷವೆಂದು ಬರೆದು, ಎಲ್ಲವನ್ನೂ ಕೊಂದು ಮುಗಿಸಲು ಗ್ರೀಷ್ಮಾ ಹೇಳಿದಳು. ಆದರೆ ಬಸಲಿಂಗಮ್ಮ ದಿನವೂ ಬೆರಳಿನಿಂದ ಕಾಲು ಒತ್ತಿ ನೋಡುತ್ತಿದ್ದಳು. ಬಿಟ್ಟ ಎರಡರಲ್ಲಿ ಗಟ್ಟಿ ಗಂಟು ಕಟ್ಟಿತ್ತು.

"ಅವಕ್ಕೂ ಅದೇ ಔಷಧ ಹಾಕೀನ್ರಿ ಮೇಡಂ. ಅವು ಕೂಡ್ಯಾವ. ಕೂಡಲಾರದವು ಕಿರಣ ತಿಂದಂಥವು ಅಷ್ಟ."

"ಬೆರಳಿನ ಮಾತು ಯಾರು ನಂಬ್ತಾರೆ?"

ಗಂಟು ಎಷ್ಟು ಗಟ್ಟಿಯೆಂದು ಚಿತ್ರ ಹೇಳದು; ನಂಬಿಸಲು ಇದ್ದದ್ದು ಒಂದೇ ದಾರಿ. ಬಸಲಿಂಗಮ್ಮ ಕೂಡಿದ ಕಾಲಿನ ಒಂದು ಇಲಿಯನ್ನು ಎತ್ತಿಕೊಂಡಳು. ಅದು ಬೆರಳು ಕಚ್ಚಿತು, ರಕ್ತ ಬಂತು. ತಲೆ ಹಿಡಿದು ಬಾಲ ಜಗ್ಗಿ ಕುತ್ತಿಗೆ ಮುರಿದಳು. ಕಿರಣ ತಿಂದವುಗಳಲ್ಲಿ ಒಂದನ್ನೂ ಕೊಂದಳು. ತೊಡೆ ಸೀಳಿ, ಮಾಂಸ ಕೆರೆದು, ಎರಡೂ ಎಲುಬುಗಳನ್ನು ಗ್ರೀಷ್ಮಾಳ ಅಂಗೈಯಲ್ಲಿಟ್ಟಳು. ಒಂದು ಬಗ್ಗಲಿಲ್ಲ. ಇನ್ನೊಂದು ಮುಟ್ಟಿದ ಕೂಡಲೇ ಎರಡಾಯಿತು.

ಗ್ರೀಷ್ಮಾ ಬರೆದ ಹಾಳೆ ಹರಿದಳು. ಇನ್ನು ಮುಂದೆ ಹತ್ತೇ ನಿಮಿಷ, ಎರಡು ವಾರಕ್ಕೊಮ್ಮೆ. ಮಸುಕಾದರೂ ಕೂಡಿದ್ದು ಕಂಡರೆ ಸಾಕು ಎಂದಳು. ಆಮೇಲೆ ಮೆಲ್ಲಗೆ, ಮೊದಲಿನಿಂದ ಶುರು ಮಾಡಬೇಕಲ್ಲ, ಹೊಸ ಇಪ್ಪತ್ನಾಲ್ಕು ಇಲಿ ಬೇಕು ಎಂದಳು.

ಮತ್ತೆ ಅಷ್ಟು ಕಾಲು ಮುರಿಯಬೇಕಾದೀತೆಂದು ಬಸಲಿಂಗಮ್ಮನಿಗೆ ಹೊಳೆದೇ ಇರಲಿಲ್ಲ. ಕೈ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.

"ಹನ್ನೆರಡರಾಗ ಮುಗಸ್ರಿ," ಎಂದಳು.

ಗ್ರೀಷ್ಮಾ ಲೆಕ್ಕ ಹಾಕಿ ನೋಡಿ, ಹದಿನಾರು ಎಂದಳು.