ಸದಾನಂದರ ಮೊದಲ ‘ಬೇಡ’

ಪೋರೂರಿನ ಕಂಪನಿಯೊಂದರಲ್ಲಿ ಸುಗುಣಾ ಹೋಟೆಲ್ ಸಾಫ್ಟ್‌ವೇರ್‌ಗೆ ಕೈಪಿಡಿ ಬರೆಯುತ್ತಾರೆ. ಬಹಳ ಕಾಲ ಅದನ್ನು ಯಾರೂ ಓದಲಿಲ್ಲ. ಗ್ರಾಹಕರು ಸಿಕ್ಕಿದ್ದನ್ನೆಲ್ಲ ಒತ್ತಿ ನೋಡಿ, ಆಮೇಲೆ ಫೋನ್ ಮಾಡಿ ಬೈಯುತ್ತಿದ್ದರು. ಸುಗುಣಾ ಕೈಪಿಡಿಯಲ್ಲಿದ್ದುದನ್ನೇ ಓದಿ ಹೇಳಿದರೆ, ಇದನ್ನೆಲ್ಲ ಎಲ್ಲಾದರೂ ಬರೆದಿಡಬಾರದೇ ಎಂದು ಸಲಹೆ ಕೊಡುತ್ತಿದ್ದರು.

ಆಮೇಲೆ ಎಐ ಏಜೆಂಟ್ ಬಂತು. ಹೋಟೆಲಿಗೆ ಸಾಮಾನು ತರಿಸುವ ಕೆಲಸವನ್ನು ತಾನೇ ನಡೆಸುವ ಪ್ರೋಗ್ರಾಂ ಅದು. ಆರ್ಡರ್ ಹಾಕಲು ಒಂದು ಟೂಲ್, ರದ್ದು ಮಾಡಲು ಇನ್ನೊಂದು. ಯಾವುದನ್ನು ಯಾವಾಗ ಬಳಸಬೇಕೆಂದು ಸುಗುಣಾ ಬರೆದ ವಿವರಣೆಯನ್ನು ಪ್ರತಿ ಸಲವೂ ಪೂರ್ತಿ ಓದಿಯೇ ಅದು ಕೈಹಾಕುತ್ತಿತ್ತು. ಓದಿದ್ದನ್ನು ಅಕ್ಷರಶಃ ನಂಬುತ್ತಲೂ ಇತ್ತು.

ಮೊದಲ ಪ್ರಯೋಗ ತಾಂಬರಂನಲ್ಲಿರುವ ಸದಾನಂದರ ಹೋಟೆಲಿನಲ್ಲಿ. ಸದಾನಂದರು ಕುಂದಾಪುರದ ಕಡೆಯವರು, ಸುಗುಣಾರ ತಂದೆಯ ಸ್ನೇಹಿತರು. ವಿವರಣೆಯ ದೋಷದಿಂದ ತಪ್ಪುಗಳಾಗುತ್ತಲೇ ಹೋದರೆ ತಿಂಗಳ ಕೊನೆಗೆ ಬರವಣಿಗೆ ವಿಭಾಗ ಮುಚ್ಚುತ್ತದೆ ಎಂದು ಮ್ಯಾನೇಜರ್ ರವಿಕಿರಣ್ ಮೊದಲೇ ತಿಳಿಸಿದ್ದ. ವಿಭಾಗ ಎಂದರೆ ಸುಗುಣಾ ಒಬ್ಬರೇ.

ಮೊದಲ ವಾರವೇ ಸದಾನಂದರ ಫೋನ್ ಬಂತು.

“ಎಂತ ಮಾರಾಯ್ತಿ ಇದು? ಚಟ್ನಿ ಇಲ್ಲದೆ ಇಡ್ಲಿ ಕೊಡ್ತಾ ಇದ್ದೇನೆ. ಜನ ನನ್ನ ಮುಖ ನೋಡ್ತಾರೆ.”

“ತೆಂಗಿನಕಾಯಿ ಈ ರೇಟಿಗೆ ಬೇಕಾ ಅಂತ ಏಜೆಂಟ್ ಕೇಳಿತ್ತಲ್ಲ ಸದಾನಂದಣ್ಣ? ನೀವು ಬೇಡ ಅಂದಿದ್ದೀರಿ.”

“ಬೇಡ ಅನ್ನದೆ ಮತ್ತೆಂತ ಹೇಳುದು? ತೆಂಗಿನಕಾಯಿ ಮಂಡಿಯ ಏಳುಮಲೈಗೆ ಒಂದು ದಿನವೂ ಮೊದಲ ಮಾತಿಗೆ ಹೂಂ ಅಂದವನಲ್ಲ ನಾನು. ನಾನು ಬೇಡ ಅನ್ಬೇಕು, ಅವ ತಮಿಳಲ್ಲಿ ‘ಪೋಂಗ ಸಾರ್’ ಅಂತ ಅಟ್ಬೇಕು. ವ್ಯಾಪಾರ ಶುರುವಾಗುದೇ ಆಮೇಲೆ.”

ಸುಗುಣಾ ತಮ್ಮ ಸಾಲನ್ನು ತೆರೆದು ನೋಡಿದರು: ‘ಮಾಲೀಕರು ಬೇಡ ಎಂದರೆ ಆರ್ಡರ್ ರದ್ದುಪಡಿಸಿ.’ ಬರೆದಾಗ ಅದರ ಸ್ಪಷ್ಟತೆಯನ್ನು ತಾವೇ ಮೆಚ್ಚಿಕೊಂಡಿದ್ದರು. ಸೊಪ್ಪಿನ ಗಾಡಿಯವಳಿಗೆ ಬೇಡ ಎಂದು ಬೆನ್ನು ತಿರುಗಿಸಿ, ಅವಳು ಕರೆಯಲಿ ಎಂದು ಮೆಲ್ಲಗೆ ಹೆಜ್ಜೆ ಹಾಕುವುದು ಅವರ ಪ್ರತಿದಿನದ ರೂಢಿ. ಬರೆಯಲು ಕೂತಾಗ ಮಾತ್ರ ಅದು ನೆನಪಾಗಿರಲಿಲ್ಲ.

ಸಾಲು ಬದಲಾಯಿತು: ‘ಮೊದಲ ಬೇಡ ದರಕ್ಕೆ ಹೇಳಿದ್ದು, ಸರಕಿಗೆ ಅಲ್ಲ. ರದ್ದುಪಡಿಸಬೇಡಿ. ಎಷ್ಟಕ್ಕೆ ಬೇಕೆಂದು ಕೇಳಿ, ಆ ದರವನ್ನು ವ್ಯಾಪಾರಿಗೆ ತಿಳಿಸಿ.’

ರವಿಕಿರಣ್ ಹುಬ್ಬೇರಿಸಿದ. “ನೋ ಅಂದ್ರೆ ನೋ ಅಲ್ಲ ಅಂತ ಬರೆದಿದ್ದೀರಾ ಮೇಡಂ? ಲೀಗಲ್‌ನವರು ನೋಡಿದ್ರೆ ಅವ್ಳೋದಾನ್, ನಮ್ಮ ಕಥೆ ಮುಗೀತು.”

“ಸಾಮಾನು ತರಿಸೋದಕ್ಕೆ ಮಾತ್ರ ಅಂತ ಮೇಲೆಯೇ ಬರೆದಿದ್ದೇನೆ ರವಿ.”

ಮರುದಿನ ಏಜೆಂಟ್ ಎಷ್ಟಕ್ಕೆ ಬೇಕೆಂದು ಕೇಳಿತು. ಸದಾನಂದರು ಅಭ್ಯಾಸಬಲದಿಂದ, ಯಾರೂ ಕೊಡಲಾರದ ದರ ಹೇಳಿದರು. ಏಜೆಂಟ್ ಅದನ್ನು ಚಾಚೂ ತಪ್ಪದೆ ಮಂಡಿಗೆ ಮುಟ್ಟಿಸಿತು. ಏಳುಮಲೈ ತೆಂಗಿನಕಾಯಿ ಕಳಿಸಲಿಲ್ಲ.

“ಮಗಳ ಮದುವೆಗೆ ಮನೆಗೇ ಬಂದು ಕರೆದವ ಅವ. ಈಗ ಫೋನ್ ಎತ್ತುದಿಲ್ಲ,” ಎಂದರು ಸದಾನಂದರು.

“ಏಜೆಂಟ್ ನೀವು ಹೇಳಿದ ರೇಟನ್ನೇ ಹೇಳಿತು ಸದಾನಂದಣ್ಣ. ಮತ್ತೆ ಹೇಗೆ ಹೇಳಬೇಕಿತ್ತು?”

“ನಕ್ಕೊಂಡು ಹೇಳ್ಬೇಕಿತ್ತು.”

ಸುಗುಣಾ ಆರ್ಡರ್ ಹಾಕುವ ಟೂಲನ್ನು ಮತ್ತೊಮ್ಮೆ ಪರಿಶೀಲಿಸಿದರು. ಅದರಲ್ಲಿ ಸರಕಿಗೆ, ದರಕ್ಕೆ, ತಲುಪಿಸುವ ಹೊತ್ತಿಗೆ ಜಾಗವಿತ್ತು. ನಗುವಿಗೆ ಇರಲಿಲ್ಲ. ಸಂಜೆ ಹೊರಡುವ ಮುನ್ನ ಅವರು ಹೊಸ ಸಾಲು ಬರೆದರು: ‘ತೆಂಗಿನಕಾಯಿಗೆ ಈ ಟೂಲ್ ಬಳಸಬೇಡಿ. ಮಾಲೀಕರೇ ಫೋನ್ ಮಾಡುತ್ತಾರೆ.’

ಏಜೆಂಟ್ ಬೇಸರವಿಲ್ಲದೆ ಒಪ್ಪಿತು. ಸದಾನಂದರು ಏಳುಮಲೈಯನ್ನು ಸಮಾಧಾನ ಮಾಡಿ ತೆಂಗಿನಕಾಯಿ ತರಿಸಿಕೊಂಡರು. “ಈಗ ಸರಿ ಬರೆದಿ ನೋಡು. ತರಕಾರಿಗೂ ಹಾಗೇ ಬರೆದುಬಿಡು,” ಎಂದರು. ಸುಗುಣಾ ಬರೆದರು. ಅಕ್ಕಿ, ಬೇಳೆ, ಹಾಲು, ಕಾಫಿಪುಡಿಯೂ ಒಂದೊಂದಾಗಿ ಅದೇ ಸಾಲಿಗೆ ಸೇರಿದವು. ಚೌಕಾಸಿ ಮಾಡಿ ಸುಖವಿಲ್ಲದ ಫಿನಾಯಿಲ್ ಮತ್ತು ಹಲ್ಲುಕಡ್ಡಿ ಮಾತ್ರ ಏಜೆಂಟ್ ಪಾಲಿಗೆ ಉಳಿದವು.

ತಿಂಗಳು ಮುಗಿದಾಗ ರವಿಕಿರಣ್ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದ.

“ಮೊದಲ ವಾರ ಬಿಟ್ರೆ ಒಂದು ತಪ್ಪೂ ಇಲ್ಲ ಮೇಡಂ. ಮೇಲಿನವರು ಇದನ್ನೇ ಎಲ್ಲ ಹೋಟೆಲಿಗೂ ಹಾಕಿ ಅಂತಿದ್ದಾರೆ.”

“ಅದು ಈಗ ತರಿಸ್ತಿರೋದು ಫಿನಾಯಿಲ್, ಹಲ್ಲುಕಡ್ಡಿ ಅಷ್ಟೇ ರವಿ.”

“ಪರ್ಫೆಕ್ಟಾಗಿ ತರಿಸ್ತಿದೆಯಲ್ಲ.”

ವಿಭಾಗ ಉಳಿಯಿತು. ಕೆಲಸ ಹೆಚ್ಚಿತೆಂದು ಅದಕ್ಕೆ ಇನ್ನಿಬ್ಬರನ್ನು ಸೇರಿಸಿಕೊಳ್ಳಲು ಒಪ್ಪಿಗೆಯೂ ಬಂತು.