ಹಸಿ ಬಣ್ಣದ ಮೇಲೊಂದು ಹೆಬ್ಬೆಟ್ಟು

2023ರಲ್ಲಿ ನಾನು ಜೆ.ಪಿ. ನಗರದ ಒಂದು ಕಾರ್ ಸರ್ವಿಸ್ ಸೆಂಟರಿನ ಬಾಡಿ ಶಾಪಿನಲ್ಲಿ ಪೇಂಟ್ ಸೂಪರ್‌ವೈಸರ್ ಆಗಿದ್ದೆ. ಬಾಡಿ ಶಾಪ್ ಎಂದರೆ ಗುದ್ದಿಸಿಕೊಂಡು, ತರಚಿಸಿಕೊಂಡು ಬಂದ ಕಾರುಗಳ ತಗ್ಗು ಎತ್ತಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆದು ಕಳಿಸುವ ಜಾಗ. ಬೆಂಗಳೂರಿನ ರಸ್ತೆಗಳ ಕೃಪೆಯಿಂದ ನಮಗೆ ಕೆಲಸಕ್ಕೆ ಎಂದೂ ಬರವಿರಲಿಲ್ಲ. ನನ್ನ ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ಆ ವರ್ಷ ನನ್ನ ಕೈಗೆ ಬಂದ ಒಂದು ಕಾರಿನ ಕಥೆ ಇದು. ಆ ಕಾರಿನ ಉದ್ದ ನನ್ನ ಅಂಗೈಯಷ್ಟು.

ಮೊದಲು ನನ್ನ ಸಿಟ್ಟಿನ ವಿಷಯ ಹೇಳಿಬಿಡುತ್ತೇನೆ. ಇಡೀ ಸರ್ವಿಸಿನಲ್ಲಿ ನನ್ನ ತಲೆ ಕೆಡಿಸಿದವರು ಹಸಿ ಬಣ್ಣ ಮುಟ್ಟುವವರು. ‘ಬಣ್ಣ ಹಸಿಯಾಗಿದೆ, ಮುಟ್ಟಬೇಡಿ’ ಎಂದು ಬೋರ್ಡು ತೂಗುಹಾಕಿದರೆ, ಅದು ನಿಜವೋ ಸುಳ್ಳೋ ನೋಡೋಣವೆಂದೇ ಬೆರಳು ಚಾಚುವ ಜನ. ಓದಿದವರು, ಓದದವರು, ಕಾರಿನ ಮಾಲೀಕರು, ಅವರ ಜೊತೆ ಸುಮ್ಮನೆ ಬಂದ ಭಾವಮೈದುನರು, ಯಾರೂ ಇದಕ್ಕೆ ಹೊರತಲ್ಲ. ಒಂದು ಬೆರಳು ತಾಗಿದರೆ ಇಡೀ ಬಾಗಿಲನ್ನು ಮತ್ತೆ ಉಜ್ಜಿ ಹೊಸದಾಗಿ ಬಣ್ಣ ಹೊಡೆಯಬೇಕು. ನಾನು ಬೈಯುತ್ತಿದ್ದೆ. ನನ್ನ ಬೈಗುಳ ಸರ್ವಿಸ್ ಸೆಂಟರಿನ ಕ್ಯಾಂಟೀನಿಗೂ ಕೇಳಿಸುತ್ತಿತ್ತು.

ಶ್ರೀಧರಮೂರ್ತಿಯವರು ಮುಟ್ಟದ ಗಿರಾಕಿ. ಅದಕ್ಕೇ ನೆನಪಿನಲ್ಲಿ ಉಳಿದರು. ಸರ್ಕಾರಿ ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿದ್ದು ನಿವೃತ್ತರಾದವರು, ಹನುಮಂತನಗರದಲ್ಲಿ ಮನೆ. ನಾನು ಹೇಳುವ ವರ್ಷಕ್ಕಿಂತ ಸಾಕಷ್ಟು ಹಿಂದೆ ನೀರಿನ ಟ್ಯಾಂಕರ್ ಒಂದು ಅವರ ಸಣ್ಣ ಕಾರಿನ ಬಾಗಿಲು ತರಚಿತ್ತು. ಉಳಿದ ಗಿರಾಕಿಗಳು ಎ.ಸಿ. ರೂಮಿನಲ್ಲಿ ಕೂತು ಫೋನ್ ನೋಡುತ್ತಿದ್ದರೆ, ಇವರು ಮಧ್ಯಾಹ್ನವಿಡೀ ಸ್ಪ್ರೇ ಬೂತಿನ ಗಾಜಿಗೆ ಮೂಗು ತಾಗಿಸಿಕೊಂಡು ನಿಂತಿದ್ದರು. ಸ್ಪ್ರೇ ಬೂತ್ ಎಂದರೆ ಧೂಳು ಬಾರದಂತೆ ಮುಚ್ಚಿದ, ಬಣ್ಣ ಹೊಡೆಯುವ ಕೋಣೆ. ನಾನು ಹೊರಗೆ ಬಂದ ಕೂಡಲೇ ಹಿಡಿದುಕೊಂಡರು.

“ಸಾರ್, ನಾನೂ ಕಾರಿಗೆ ಪೇಂಟ್ ಹೊಡೀತೀನಿ. ಆದ್ರೆ ನನ್ನ ಕಾರು ಇಷ್ಟೇ ಇರೋದು” ಎಂದು ಅಂಗೈ ಚಾಚಿದರು.

ಆಮೇಲೆ ವಿವರಿಸಿದರು. ನಿಜವಾದ ಕಾರಿನ ಇಪ್ಪತ್ನಾಲ್ಕರಲ್ಲಿ ಒಂದು ಪಾಲಿನ ಅಳತೆಯಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳು ಡಬ್ಬಿಯಲ್ಲಿ ಬರುತ್ತವಂತೆ. ಅದಕ್ಕೆ ಕಿಟ್ ಎನ್ನುತ್ತಾರೆ. ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಬಣ್ಣ ಹೊಡೆದು, ಅಂಟಿಸಿ ಕಾರು ಮಾಡಬೇಕು. ಸ್ಟೀರಿಂಗು, ಸೀಟು, ಬಾನೆಟ್ಟಿನ ಕೆಳಗೆ ಎಂಜಿನ್ನು ಎಲ್ಲ ಇರುತ್ತದೆ. ನಾವು ಬಳಸುವ ಥಿನ್ನರ್ ಬಿದ್ದರೆ ಆ ಪ್ಲಾಸ್ಟಿಕ್ಕೇ ಕರಗಿಹೋಗುತ್ತದೆ, ಅದಕ್ಕೆ ಬೇರೆ ಬಣ್ಣ ಎಂದೂ ಹೇಳಿದರು. ಅರವತ್ತು ದಾಟಿದ ಮನುಷ್ಯ ಹೀಗೆ ಕಣ್ಣರಳಿಸಿಕೊಂಡು ಮಾತಾಡುವುದನ್ನು ನೋಡಿ ನನಗೆ ನಗು ಬಂತು, ಇಷ್ಟವೂ ಆಯಿತು.

“ಒಂದೇ ತೊಂದ್ರೆ ಸಾರ್. ಒಣಗ್ತೋ ಇಲ್ವೋ ಅಂತ ತಡ್ಕೊಳ್ಳೋಕಾಗಲ್ಲ. ಕೈ ತಾನಾಗೇ ಹೋಗ್ಬಿಡತ್ತೆ.”

ನಾನು ನಮ್ಮ ಸ್ಪ್ರೇ-ಔಟ್ ಕಾರ್ಡ್ ತೋರಿಸಿದೆ. ಕಾರಿಗೆ ಹೊಡೆಯುವ ಬಣ್ಣವನ್ನೇ ಒಂದು ಕಾರ್ಡಿಗೂ ಹೊಡೆದು, ಹಳೆಯ ಬಣ್ಣಕ್ಕೆ ಹೊಂದುತ್ತದೋ ಇಲ್ಲವೋ ಎಂದು ನಾವು ನೋಡುತ್ತೇವೆ. “ಮುಟ್ಟಲೇಬೇಕು ಅನ್ನಿಸಿದ್ರೆ ಇಂಥದ್ದನ್ನ ಮುಟ್ಟಿ ಸಾರ್. ಕಾರಿನ ತಂಟೆಗೆ ಹೋಗ್ಬೇಡಿ” ಎಂದೆ.

“ನನಗೆ ಕಾರ್ಡ್ ಯಾಕೆ, ಪ್ಲಾಸ್ಟಿಕ್ ಚಮಚ ಸಾಕು! ಬಣ್ಣ ನೋಡೋಕೆ ಹೇಗೂ ಅದಕ್ಕೆ ಹೊಡೀತೀನಿ. ಅದರ ಬೆನ್ನು ಕಾರಿನ ಮೈ ಥರಾನೇ ಉಬ್ಬಿರತ್ತೆ” ಎಂದು ಕುಣಿದಾಡುವಂತೆ ಹೊರಟುಹೋದರು. ನಾನು ಅವರನ್ನು ಮತ್ತೆ ನೋಡಲಿಲ್ಲ.

2023ರಲ್ಲಿ ಒಂದು ಬೆಳಗ್ಗೆ, ಅವರ ಹೆಂಡತಿ ಪದ್ಮಜಾ ಬಂದರು. ಆಟೋದಲ್ಲಿ ಸ್ವೀಟ್ ಬಾಕ್ಸೊಂದನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಿದ್ದರು. ಹಂಪ್ ಬಂದಾಗಲೆಲ್ಲ ಆಟೋದವನ ಮೇಲೆ ರೇಗಿದ್ದರಂತೆ. ಶ್ರೀಧರಮೂರ್ತಿಯವರು ಹೃದಯಾಘಾತದಿಂದ ತೀರಿಕೊಂಡು ವರ್ಷವಾಗುತ್ತ ಬಂತು ಎಂದು ಅವರಿಂದಲೇ ತಿಳಿಯಿತು. “ನಿಮ್ಮ ಹೆಸರು ಹೇಳ್ತಾನೇ ಇರ್ತಿದ್ರು ಸಾರ್, ಬೂತ್ ಮುನಿರಾಜು ಅಂತ” ಎಂದು ಬಾಕ್ಸ್ ತೆರೆದರು.

ಹತ್ತಿಯ ಮೇಲೆ ಒಂದು ಹಳೆಯ ಕಾಲದ ಎರಡು ಬಾಗಿಲಿನ ಕಾರಿನ ಮೈ ಇತ್ತು. ಚಕ್ರವಿಲ್ಲ, ಗಾಜಿಲ್ಲ. ಹಣ್ಣಾದ ನೇರಳೆಯಂಥ ಗಾಢ ಬಣ್ಣ. ಬಣ್ಣ ಹೊಡೆದ ಕೈಗೆ ನಾನು ಅಲ್ಲೇ ಮನಸ್ಸಿನಲ್ಲಿ ಶಹಭಾಸ್ ಎಂದೆ. ಎಲ್ಲೂ ಇಳಿದಿಲ್ಲ, ಎಲ್ಲೂ ದಪ್ಪವಾಗಿಲ್ಲ. ಆದರೆ ಟಾಪಿನ ನಟ್ಟನಡುವೆ ಒಂದು ಹೆಬ್ಬೆಟ್ಟಿನ ಗುರುತು, ಗೆರೆ ಗೆರೆಯಾಗಿ ಒತ್ತಿಕೊಂಡಿತ್ತು.

“ಇದನ್ನ ತೆಗೆದುಕೊಡ್ತೀರಾ ಸಾರ್?”

ನಾನು ಅಂದುಕೊಂಡದ್ದು ಬೇರೆ. ಎಂಥೆಂಥ ಬೆರಳಚ್ಚುಗಳನ್ನೋ ಬೈದುಕೊಂಡು ಅಳಿಸಿದವನು ನಾನು. ಆದರೆ ಸತ್ತವರ ಕೈ ಗುರುತನ್ನು ಅಳಿಸಲು ನನಗೂ ಮನಸ್ಸು ಬರಲಿಲ್ಲ. ದೊಡ್ಡ ಮನುಷ್ಯನಂತೆ ಬಾಕ್ಸನ್ನು ಅವರ ಕಡೆ ಸರಿಸಿ ಹೇಳಿದೆ: “ಹಾಗೇ ಇಟ್ಕೊಳ್ಳಿ ಮೇಡಂ. ಅವರ ಕೈ ಗುರುತು ಇದು. ಎಷ್ಟು ಕೊಟ್ರೂ ಸಿಗಲ್ಲ.”

ಅವರು ಬಾಕ್ಸನ್ನು ಮತ್ತೆ ನನ್ನ ಕಡೆಗೇ ಸರಿಸಿದರು. “ಅವರದ್ದಲ್ಲ ಸಾರ್. ಅದು ನನ್ನ ಹೆಬ್ಬೆಟ್ಟು.”

ಕುರ್ಚಿ ಹಾಕಿಸಿ, ಕಾಫಿ ತರಿಸಿದೆ. ಅವರು ನಿಧಾನವಾಗಿ ಹೇಳಿದರು. ಬಣ್ಣ ಹೊಡೆದ ಕಾರಿನ ಮೇಲೆ ಧೂಳು ಕೂರಬಾರದೆಂದು ಶ್ರೀಧರಮೂರ್ತಿಯವರು ಯಾವಾಗಲೂ ಅಡುಗೆಮನೆಯ ಪಾತ್ರೆಯೊಂದನ್ನು ಬೋರಲು ಹಾಕುತ್ತಿದ್ದರು. ಆ ದಿನ ಇಡ್ಲಿ ಪಾತ್ರೆ ಹಾಕಿದ್ದರು. ಮರುದಿನ ಬೆಳಗ್ಗೆ ಪದ್ಮಜಾ ಅವರ ತಂಗಿಯ ಮನೆಯವರು ತಿಂಡಿಗೆ ಬರುವವರಿದ್ದರು. ಸಂಜೆ ಪಾತ್ರೆ ತೊಳೆದಿಡೋಣವೆಂದು ಇವರು ಎತ್ತಿದರು. ಕೆಳಗೆ ಕಾರು ಫಳಫಳ ಹೊಳೆಯುತ್ತಿತ್ತು. ಒಣಗಿದೆಯೇನೋ ನೋಡೋಣವೆಂದು ಮೆಲ್ಲಗೆ ಮುಟ್ಟಿದರು.

“ಬೈದಿದ್ರೆ ಚೆನ್ನಾಗಿತ್ತು ಸಾರ್. ಒಂದು ಮಾತೂ ಆಡ್ಲಿಲ್ಲ. ಮುಖ ಊದಿಸ್ಕೊಂಡು ಮನೆ ಹತ್ರದ ಗುಡ್ಡದ ಕಡೆ ವಾಕಿಂಗ್ ಹೋಗ್ಬಿಟ್ರು. ಬಂದು, ಬಣ್ಣ ಗಟ್ಟಿಯಾಗ್ಲಿ, ಮುಂದಿನ ಭಾನುವಾರ ಉಜ್ಜಿ ಸರಿಮಾಡ್ತೀನಿ ಅಂದ್ರು. ಅಷ್ಟೇ. ನಂಗೂ ಕೋಪ, ಒಂದು ಆಟಿಕೆಗೆ ಇಷ್ಟೊಂದಾ ಅಂತ. ಇಬ್ಬರೂ ನೆಟ್ಟಗೆ ಮಾತಾಡ್ಲಿಲ್ಲ. ಆ ಭಾನುವಾರ ಬರಲೇ ಇಲ್ಲ.”

ಲೋಟ ಕೆಳಗಿಟ್ಟು ಮತ್ತೆ ಹೇಳಿದರು: “ವರ್ಷದ ತಿಥಿ ಹತ್ರ ಬಂತು. ಅಷ್ಟರೊಳಗೆ ಇದು ಮುಗಿದು ಶೋಕೇಸಿಗೆ ಹೋಗ್ಬೇಕು. ಆ ಕಡೆ ತಿರುಗಿ ನೋಡೋಕೇ ಆಗ್ತಿಲ್ಲ ನಂಗೆ.”

ನಾನು ಪೆಚ್ಚಾದೆ. ಕೇಳದೆ ಉಪದೇಶ ಮಾಡಿದ್ದಕ್ಕೆ ನಾಚಿಕೆಯೂ ಆಯಿತು. ನಮ್ಮ ಬೂತಿನ ದೊಡ್ಡ ಸ್ಪ್ರೇ ಗನ್ನಿನ ಗಾಳಿಗೆ ಆ ಕಾರು ಹಾರಿಯೇ ಹೋಗುತ್ತಿತ್ತು. ಮನೆಯಲ್ಲಿ ಯಜಮಾನರ ಬಣ್ಣ ಹೊಡೆಯುವ ಸಾಮಾನು ಇದೆಯೇ ಎಂದು ಕೇಳಿದೆ. ಎಲ್ಲ ಹಾಗೇ ಇದೆ ಎಂದರು. ಭಾನುವಾರ ನಾನೇ ಬರುತ್ತೇನೆಂದೆ.

ಹನುಮಂತನಗರದ ಆ ಮನೆಯಲ್ಲಿ ಹಿಂದಿನ ಕೋಣೆಯೇ ಅವರ ಬಾಡಿ ಶಾಪು. ಕಿಟಕಿಯ ಪಕ್ಕ ಮೇಜು, ಸಣ್ಣ ಕಂಪ್ರೆಸರ್, ಪೆನ್ನಿನಂಥ ಏರ್‌ಬ್ರಶ್. ಏರ್‌ಬ್ರಶ್ ಎಂದರೆ ನಮ್ಮ ಸ್ಪ್ರೇ ಗನ್ನಿನ ಮೊಮ್ಮಗು. ಹಾಲಿನ ಶೋಕೇಸಿನಲ್ಲಿ ಮುಗಿದ ಕಾರುಗಳು ಸಾಲಾಗಿದ್ದವು. ಒಂದು ಜಾಗ ಖಾಲಿಯಿತ್ತು.

ಇಂಥ ಗುರುತು ತೆಗೆಯುವುದಕ್ಕೆ ವೆಟ್ ಸ್ಯಾಂಡಿಂಗ್ ಎನ್ನುತ್ತಾರೆ. ಎರಡು ಸಾವಿರ ನಂಬರಿನ ನಯವಾದ ಉಜ್ಜುಕಾಗದವನ್ನು ಸೋಪಿನ ನೀರಿನಲ್ಲಿ ನೆನೆಸಿ, ಭಾರ ಹಾಕದೆ ಉಜ್ಜಬೇಕು. ಕಾಗದ ನೆನೆಸಿದ ಮೇಲೆ ನಾನು ಅದನ್ನು ಪದ್ಮಜಾ ಅವರ ಮುಂದೆ ಹಿಡಿದೆ.

“ಅಯ್ಯೋ, ನಾನಾ? ಒಂದ್ಸಲ ಮುಟ್ಟಿದ್ದಕ್ಕೇ ಇಷ್ಟಾಗಿದೆ!”

“ಅದಕ್ಕೇ ಮೇಡಂ. ನೀವೇ ತೆಗೀಬೇಕು. ನಾನು ಇಲ್ಲೇ ಇರ್ತೀನಿ.”

ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಉಸಿರು ಬಿಗಿಹಿಡಿದು, ಮಗುವಿನ ಕೆನ್ನೆ ಒರೆಸುವಂತೆ ಉಜ್ಜಿದರು. ನಾನು ನಡುವೆ ಒಮ್ಮೆ “ಸಾಕು, ಒರೆಸಿ ನೋಡಿ” ಎಂದೆ. ಟಾಪು ಮಂಕಾಯಿತು, ಗೆರೆಗಳು ಒಂದೊಂದಾಗಿ ಮಾಯವಾದವು. ಕೊನೆಗೆ ಬೆರಳಾಡಿಸಿದರೆ ಏನೂ ಸಿಗಲಿಲ್ಲ.

“ಹೋಯ್ತು” ಎಂದರು. ಅವರ ಮುಖದಲ್ಲಿ ನಾನು ಕಾದಿದ್ದ ಸಮಾಧಾನ ಕಾಣಲಿಲ್ಲ. “ಗುರುತು ಹೋಯ್ತು ಸಾರ್. ಅವರು ಮುಖ ಊದಿಸ್ಕೊಂಡು ಹೋಗಿದ್ದು ಹೋಗ್ಲಿಲ್ಲ.”

ಇದಕ್ಕೆ ನನ್ನ ಹತ್ತಿರ ಯಾವ ನಂಬರಿನ ಕಾಗದವೂ ಇರಲಿಲ್ಲ. ಕೆಲಸದ ಮಾತಿಗೆ ತಿರುಗಿದೆ. ಈಗ ಟಾಪಿಗೆ ಅದೇ ಬಣ್ಣ ಹೊಡೆಯಬೇಕು. ಆ ನೇರಳೆ ಬಣ್ಣ ಶ್ರೀಧರಮೂರ್ತಿಯವರೇ ಕಲಸಿದ್ದು, ಅಂಗಡಿಯಲ್ಲಿ ಸಿಗುವುದಲ್ಲ. ಉಳಿದದ್ದು ಬಾಟಲಿಯಲ್ಲಿ ಗಟ್ಟಿಯಾಗಿಹೋಗಿತ್ತು. ಹೊಸದಾಗಿ ಕಲಸಲು ಮಾದರಿ ಬೇಕು. ಆಗ ನನಗೆ ಚಮಚದ ನೆನಪಾಯಿತು.

“ಚಮಚಾನಾ? ರಾಶಿ ಇವೆ ನೋಡಿ” ಎಂದು ಡ್ರಾಯರ್ ಎಳೆದರು. “ಮದುವೆ ಮನೆಗೆ ಹೋದ್ರೆ ಐಸ್‌ಕ್ರೀಂ ಕೌಂಟರಿಂದ ಎತ್ಕೊಂಡ್ ಬರೋರು. ನಂಗೆ ಮಾನ ಹೋಗೋದು.”

ಡ್ರಾಯರಿನ ತುಂಬ ಬಣ್ಣಬಣ್ಣದ ಬೆನ್ನಿನ ಚಮಚಗಳು. ನೇರಳೆ ಬಣ್ಣದ್ದು ಮೇಲೆಯೇ ಇತ್ತು. ಬಣ್ಣವನ್ನು ಹಗಲಿನ ಬೆಳಕಿನಲ್ಲೇ ನೋಡಬೇಕು. ನಾನು ಅದನ್ನು ಕಿಟಕಿಗೆ ಒಯ್ದು, ನಮ್ಮ ಕಾರ್ಡುಗಳನ್ನು ನೋಡುವಂತೆ ಅತ್ತ ಇತ್ತ ಓರೆ ಮಾಡಿದೆ. ಬೆಳಕು ಚಮಚದ ಬೆನ್ನ ಮೇಲೆ ಜಾರುವಾಗ ಒಂದು ಕಡೆ ತಡೆಯಿತು. ಅಲ್ಲೊಂದು ಹೆಬ್ಬೆಟ್ಟಿನ ಗುರುತಿತ್ತು. ಅಗಲವಾದ ಹೆಬ್ಬೆಟ್ಟು, ನಡುವೆ ಅಡ್ಡಲಾಗಿ ಒಂದು ಗೀರು.

“ಮೇಡಂ, ಸ್ವಲ್ಪ ಇಲ್ಲಿ ಬನ್ನಿ.”

ನೋಡಿದವರೇ ಗಾಬರಿಯಾದರು. “ಇದನ್ನೂ ನಾನೇ ಮುಟ್ಟಿದ್ನಾ?”

“ನಿಮ್ಮ ಬೆರಳು ಇಷ್ಟು ಅಗಲ ಇಲ್ಲ ಮೇಡಂ. ಈ ಗೀರು ನೋಡಿ.”

ಅವರು ಚಮಚವನ್ನು ಕಣ್ಣಿನ ಹತ್ತಿರ ಹಿಡಿದರು. “ಕಿಟ್ ಕತ್ತರಿಸೋವಾಗ ಬ್ಲೇಡ್ ತಾಗಿಸ್ಕೊಂಡಿದ್ರು. ಹೊಲಿಗೆ ಹಾಕಿಸ್ಕೊಂಡ್ ಬಂದ್ವಿ” ಎಂದರು. ದನಿ ಇಳಿದಿತ್ತು.

ನಾನು ನನ್ನ ಕಸುಬು ಕಲಿಸಿದಷ್ಟನ್ನು ಹೇಳಿದೆ. ಒಣಗಿದ ಬಣ್ಣದ ಮೇಲೆ ಇಂಥ ಗುರುತು ಬೀಳುವುದಿಲ್ಲ. ಕಾರಿಗೆ ಹೊಡೆದಾಗಲೇ ಚಮಚಕ್ಕೂ ಹೊಡೆದಿದ್ದಾರೆ. ಅದು ಹಸಿಯಿದ್ದಾಗಲೇ ಅವರ ಬೆರಳು ಬಿದ್ದಿದೆ. “ಅವರಿಗೂ ತಡೆಯೋಕಾಗಿಲ್ಲ ಮೇಡಂ. ಅದೇ ದಿನ, ಅದೇ ಬಣ್ಣ. ನೀವು ಕಾರ್ ಮುಟ್ಟಿದ್ರಿ, ಅವರು ಚಮಚ ಮುಟ್ಟಿದ್ರು. ಅಷ್ಟೇ ವ್ಯತ್ಯಾಸ.”

ಅವರು ಡ್ರಾಯರಿನ ಬೇರೆ ಚಮಚಗಳನ್ನೂ ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದರು. ಕೆಲವು ನುಣುಪಾಗಿದ್ದವು. ಕೆಂಪಿನದರ ಮೇಲೆ ಗುರುತಿತ್ತು. ಹಸಿರಿನದರ ಮೇಲೆ ಇತ್ತು. ಬೂದು ಬಣ್ಣದ್ದರ ಮೇಲೆ ಎರಡೆರಡು ಕಡೆ ಇತ್ತು.

ನಾನು ಅಳುತ್ತಾರೆ ಅಂದುಕೊಂಡೆ. ಅವರಿಗೆ ಸಿಟ್ಟು ಬಂತು.

“ನೋಡಿ ಸಾರ್ ನ್ಯಾಯಾನ! ತಾವು ಸಿಕ್ಕಿದ್ದಕ್ಕೆಲ್ಲ ಬೆರಳು ಒತ್ತಬಹುದು, ನಾನು ಒಂದೇ ಒಂದು ಸಲ ಮುಟ್ಟಿದ್ರೆ ಮುಖ ಊದಿಸ್ಕೊಂಡು ಗುಡ್ಡಕ್ಕೆ ಹೋಗ್ಬೇಕಾ? ಬರ್ಲಿ, ಮಾಡ್ತೀನಿ...”

ಅಲ್ಲಿಗೆ ಮಾತು ನಿಂತಿತು. ಬರಲಿ ಎಂದ ಮಾತು ಅವರಿಗೇ ಕೇಳಿಸಿತ್ತು. ಆಮೇಲೆ ಅತ್ತರು, ಅಳುವಿನ ನಡುವೆಯೇ ನಕ್ಕರು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ “ಬೂದು ಬಣ್ಣಕ್ಕೆ ಎರಡು ಸಲ!” ಎಂದು ನಕ್ಕರು. ನಾನು ಬಣ್ಣ ಕಲಸುವ ನೆಪದಲ್ಲಿ ಮೇಜಿನ ಕಡೆ ತಿರುಗಿದೆ. ನನ್ನ ಕಣ್ಣೂ ಸರಿಯಿರಲಿಲ್ಲ.

ಆ ಬಣ್ಣ ಹೊಂದಿಸಲು ನನಗೆ ಮಧ್ಯಾಹ್ನವಾಯಿತು. ಪರೀಕ್ಷೆಗೆ ಬೇರೆ ಚಮಚ ತೆಗೆದುಕೊಂಡೆ, ಶ್ರೀಧರಮೂರ್ತಿಯವರದ್ದನ್ನು ದೂರ ಇಟ್ಟೆ. ಟಾಪಿಗೂ ಹೊಸ ಚಮಚಕ್ಕೂ ತೆಳ್ಳಗೆ ಬಣ್ಣ ಹೊಡೆದು, ಇಡ್ಲಿ ಪಾತ್ರೆಯನ್ನೇ ಕೇಳಿ ತೆಗೆದುಕೊಂಡು ಕಾರಿನ ಮೇಲೆ ಬೋರಲು ಹಾಕಿದೆ. ಪದ್ಮಜಾ ಅವರು ಬಂದು ನಿಂತು ಪಾತ್ರೆಯನ್ನೇ ನೋಡುತ್ತಿದ್ದರು. ನಾನು ಆ ಚಮಚವನ್ನು ಅವರ ಮುಂದೆ ಹಿಡಿದೆ. ಅವರು ಹೆಬ್ಬೆಟ್ಟು ಒತ್ತಿ, “ಇನ್ನೂ ಹಸಿ” ಎಂದು ವರದಿ ಕೊಟ್ಟರು. ಮುಂದಿನ ವಾರ ಗಾಜು, ಚಕ್ರಗಳನ್ನು ಅವರೇ ಕಿಟ್ಟಿನ ಚಿತ್ರ ನೋಡಿಕೊಂಡು ಕೂರಿಸಿದರು. ಒಂದು ಚಕ್ರ ಸ್ವಲ್ಪ ಸೊಟ್ಟಗಿತ್ತು. ಅದನ್ನು ಸರಿಮಾಡಲೇ ಎಂದು ಈ ಸಲ ನಾನು ಮೊದಲೇ ಕೇಳಿದೆ. ಬೇಡವೆಂದರು. ಕಾರು ತಿಥಿಗೆ ಮೊದಲೇ ಶೋಕೇಸು ಸೇರಿತು.

ಕಲೆ ಕಂಡರೆ ಅಳಿಸುವುದು ನನ್ನ ಕಸುಬು. ಆ ಕಾರು ಬರುವವರೆಗೆ, ಅದು ಯಾರ ಗುರುತು, ಅವರಿಗೆ ಅದು ಏನು ಎಂದು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಕೇಳದೆ ಅಳಿಸುವುದು ಹೇಗೆ ತಪ್ಪೋ ಕೇಳದೆ ಉಳಿಸಲು ಹೇಳುವುದೂ ಹಾಗೇ ತಪ್ಪು. ಉಳಿದ ಒಂದು ವರ್ಷವೂ ಹಸಿ ಬಣ್ಣ ಮುಟ್ಟುವವರು ಬರುತ್ತಲೇ ಇದ್ದರು. ಬೈಯುವುದನ್ನು ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಆದರೆ ಬೂತಿನ ಬಾಗಿಲಿಗೆ ದಿನಾ ಹಸಿ ಬಣ್ಣದ ಒಂದು ಸ್ಪ್ರೇ-ಔಟ್ ಕಾರ್ಡ್ ಕಟ್ಟಿಸತೊಡಗಿದೆ, ಮುಟ್ಟಲೇಬೇಕೆನ್ನುವವರು ಅದನ್ನು ಮುಟ್ಟಲಿ ಎಂದು. ಸಂಜೆಯ ಹೊತ್ತಿಗೆ ಅದರ ತುಂಬ ಬೆರಳಿನ ಗುರುತುಗಳು ಇರುತ್ತಿದ್ದವು.

ನಿವೃತ್ತನಾದ ಮೇಲೆ ಒಮ್ಮೆ ಹನುಮಂತನಗರಕ್ಕೆ ಹೋದಾಗ ಪದ್ಮಜಾ ಅವರನ್ನು ನೋಡಿ ಬಂದೆ. ಶೋಕೇಸಿನಲ್ಲಿ ನೇರಳೆ ಕಾರು ಸೊಟ್ಟ ಚಕ್ರದ ಮೇಲೆ ನಿಂತಿತ್ತು. ಶ್ರೀಧರಮೂರ್ತಿಯವರ ಹೆಬ್ಬೆಟ್ಟಿದ್ದ ನೇರಳೆ ಚಮಚ ಕಾಣಲಿಲ್ಲ. ಎಲ್ಲಿ ಎಂದು ಕೇಳಿದೆ. ತಮ್ಮ ಕನ್ನಡಕದ ಡಬ್ಬಿ ತೆರೆದು ತೋರಿಸಿದರು.

“ಜಗಳ ಆಡ್ಬೇಕು ಅನ್ನಿಸಿದಾಗ ತೆಗೆದು ನೋಡ್ತೀನಿ ಸಾರ್” ಎಂದರು.