ಮೂರನೇ ಮಹಡಿಯ ದಪ್ಪ ಬಾಗಿಲು

ಮೊನ್ನೆ ಮನೆಯಲ್ಲಿ ಮಿಕ್ಸಿಯ ವೈರು ಸುಟ್ಟು ಕಮಟು ವಾಸನೆ ಬಂದಾಗ ಆ ಅಕ್ಕ ನೆನಪಾದರು... ನಂಜನಗೂಡಿನ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವರು.

ನನಗೆ ಚಿಕ್ಕಂದಿನಲ್ಲೇ ಪೋಲಿಯೋ. ಊರುಗೋಲಿನಲ್ಲೇ ಒಂಬತ್ತು ವರ್ಷ ಮೂರನೇ ಮಹಡಿಯಲ್ಲಿ ಕೆಲಸ ಮಾಡಿದ್ದೆ. ಯಾವ ಅನುಕೂಲವನ್ನೂ ಕೇಳಿರಲಿಲ್ಲ. ಕೇಳದಿರುವುದೇ ಮರ್ಯಾದೆ ಅಂದುಕೊಂಡಿದ್ದೆ. ಅಕ್ಕ ಟಿ. ನರಸೀಪುರದವರು. ಅಪಘಾತದಲ್ಲಿ ಕಾಲು ಸ್ವಾಧೀನ ತಪ್ಪಿ, ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದರು. ಕೆಲಸಕ್ಕೆ ಸೇರಿದ ತಿಂಗಳಲ್ಲೇ ಮ್ಯಾನೇಜರನ್ನು ಕೇಳಿದರು:

"ಬೆಂಕಿ ಬಿದ್ರೆ ಲಿಫ್ಟ್ ನಿಲ್ಲುಸ್ತೀರಿ ಸಾ. ಆಗ ನಾವಿಬ್ರೂ ಎಲ್ಲಿಗೋಗದು?"

ನಾವಿಬ್ಬರೂ... ನನ್ನನ್ನು ಕೇಳದೆಯೇ ಸೇರಿಸಿಕೊಂಡಿದ್ದರು. ನನಗೆ ಮೈಯೆಲ್ಲ ಉರಿಯಿತು.

ಅವರು ಬಿಡಲಿಲ್ಲ. ಬೆಂಕಿ ಬಿದ್ದಾಗ ನಾವು ಕಾಯಲೆಂದು ಮೆಟ್ಟಿಲ ಪಕ್ಕದ ಸ್ಟೋರ್ ರೂಮು ಖಾಲಿಯಾಯಿತು. ಹೊಗೆ ನುಗ್ಗದಂಥ ದಪ್ಪ ಬಾಗಿಲು, ರಸ್ತೆ ಕಡೆಗೊಂದು ಕಿಟಕಿ, ಕೆಳಗಿನ ಸೆಕ್ಯುರಿಟಿಗೆ ಕೇಳುವ ಬೆಲ್ಲು, ನಮ್ಮನ್ನು ಕೂರಿಸಿ ಇಳಿಸಲು ಬೆಲ್ಟಿನ ಕುರ್ಚಿ ಬಂದವು. ಎಲ್ಲರ ಬಾಯಲ್ಲೂ ಅಕ್ಕನದೇ ಮಾತು. ಒಂಬತ್ತು ವರ್ಷ, ಲಿಫ್ಟ್ ಕೆಟ್ಟಾಗಲೆಲ್ಲ ನಾನು ತೇಕುತ್ತಾ ಹತ್ತಿದ್ದನ್ನು ಯಾರೂ ನೋಡಿಯೇ ಇರಲಿಲ್ಲವೇನೋ. ಬೆಂಕಿಯ ಡ್ರಿಲ್ ಆದಾಗಲೆಲ್ಲ ಕೆಲಸದ ನೆಪ ಹೇಳಿ ಆ ಕೋಣೆಗೆ ಹೋಗದೆ ತಪ್ಪಿಸಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಎರಡನೇ ಮಹಡಿಯ ಕರೆಂಟ್ ಬೋರ್ಡ್ ಹೊತ್ತಿಕೊಂಡಿತು. ಎಲ್ಲರೂ ಕೆಳಗೆ ಓಡಿದರು. ಹಟದಿಂದ ನಾನೂ ಮೆಟ್ಟಿಲಿಳಿಯಹೋದೆ. ನಾಲ್ಕು ಮೆಟ್ಟಿಲಿಗೇ ಊರುಗೋಲು ಜಾರಿ ಬಿದ್ದೆ. ಹೊಗೆಯಲ್ಲಿ ಕಣ್ಣು ಕಾಣಲಿಲ್ಲ. ಮೇಲಿಂದ ಅಕ್ಕನ ದನಿ ಕೇಳಿತು. ಆ ದನಿ ಹಿಡಿದು ತೆವಳುತ್ತಾ ಹತ್ತಿದೆ. ಅವರು ಆ ಕೋಣೆಯ ಬಾಗಿಲು ಮುಚ್ಚದಂತೆ ಗಾಲಿಕುರ್ಚಿಯಿಂದ ಒತ್ತಿಹಿಡಿದು, ಕೆಮ್ಮುತ್ತಾ ಕಾಯುತ್ತಿದ್ದರು.

"ಬಾ ಕಣವ್ವ ಒಳಕ್ಕೆ. ನಿನ್ಗೂ ಸೇರ್ಸೇ ಮಾಡ್ಸಿರದು."

ಬೆಲ್ಲು ಕೇಳಿ ಸೆಕ್ಯುರಿಟಿಯ ಇಬ್ಬರು ಬೆಲ್ಟಿನ ಕುರ್ಚಿ ಹಿಡಿದು ಬಂದಾಗ, "ಮೊದ್ಲು ಇವ್ಳುನ್ನ ಇಳ್ಸಿ" ಅಂದರು. ಕೊನೆಗೆ ಅವರನ್ನು ಇಳಿಸಿದಾಗ ಜನವೆಲ್ಲ ಅವರನ್ನೇ ಸುತ್ತಿಕೊಂಡರು. ಒಂದು ಮೂಲೆಯಲ್ಲಿ ಕೂತು ನೋಡಿದೆ. ಜೀವ ಉಳಿದ ಆ ಗಳಿಗೆಯಲ್ಲೂ ಹೊಟ್ಟೆ ಉರಿಯಿತು ಅಂದರೆ ಯಾರು ನಂಬುತ್ತಾರೆ...

ಮರುವರ್ಷ ಅಕ್ಕ ಕೆಲಸ ಬಿಟ್ಟು ಊರಿಗೆ ಹೋದರು. ಹೋದ ತಿಂಗಳು ತೀರಿಕೊಂಡರಂತೆ. ನನಗೆ ಗೊತ್ತಾಗಿದ್ದು ಮೊನ್ನೆ, ಹಳೆ ಆಫೀಸಿಗೆ ಫೋನ್ ಮಾಡಿ ವಿಚಾರಿಸಿದಾಗ. ನಿನ್ನೆ ನರಸೀಪುರದ ಬಸ್ಸು ಹತ್ತಿದೆ. ಅವರ ಮಗಳು ಕಾಫಿ ಕೊಟ್ಟು, "ನೀವು ಫೋನ್ ಮಾಡ್ತೀರಿ ಅಂತ ಅಮ್ಮ ಯೋಳ್ತಾನೇ ಇದ್ರು" ಅಂದಳು.

ಮಾಡಿರಲಿಲ್ಲ. ಮಾಡಿದರೆ ಸೋತಂತೆ ಅಂದುಕೊಂಡೇ ವರ್ಷಗಳು ಕಳೆದಿದ್ದವು. ಮಗಳು ಒಳಗೆ ಹೋದಾಗ ಗೋಡೆಯ ಫೋಟೊ ಕಡೆ ತಿರುಗಿ, "ಅಕ್ಕ, ಅವತ್ತು ನೀವು..." ಅಂದೆ. ಕೇಳಿಸಿಕೊಳ್ಳಲು ಅವರಿರಲಿಲ್ಲ.